ಮದುವೆ ಗ್ಯಾರಂಟಿ ಅಂದ ಮೇಲೆ ನೋಡೋದೇನು? ಒಂದು ಸೀಕ್ವೆಲ್‌ನ ಪ್ರಕರಣ ಅಧ್ಯಯನ

ನಾವು ಕೆಲವರು ಆಗಾಗ ಸೇರಿ ಒಂದು ಸಿನಿಮಾ ಹಿಡಿದುಕೊಂಡು ಅದರ ಚಿತ್ರಕಥೆಯನ್ನು ಬಿಚ್ಚಿ ನೋಡುತ್ತೇವೆ. ಗೆದ್ದ ಸಿನಿಮಾಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಕಾಡೆ ಮಲಗಿದ ಸಿನಿಮಾಗಳ ಬಗ್ಗೆ ಇನ್ನೂ ಜಾಸ್ತಿ ಮಾತಾಡುತ್ತಾರೆ. ನಮಗೆ ಉಪಯೋಗಕ್ಕೆ ಬರುವುದು ಮೂರನೇ ಜಾತಿ. ನೋಡುವಾಗ ಬೇಜಾರಾಗಲ್ಲ, ಯಾವ ದೃಶ್ಯವೂ ತೀರಾ ಕೆಟ್ಟದಾಗಿಲ್ಲ, ಮುಗಿದ ಮೇಲೆ ಮಾತ್ರ 'ಅಷ್ಟೇನಾ?' ಅನ್ನಿಸುತ್ತದೆ. ಅಂಥ ಸಿನಿಮಾದಲ್ಲಿ ಗಂಟು ಎಲ್ಲಿ ಸಡಿಲವಾಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಕಷ್ಟ ಅನ್ನೋದಕ್ಕೇ ಅದನ್ನು ಹಿಡಿದದ್ದು.

ಚರ್ಚೆಯಲ್ಲಿ ಇದ್ದವರ ಹೆಸರು ಹಾಕಿಲ್ಲ. ಒಬ್ಬರು ಧಾರಾವಾಹಿಗೆ ಸಂಚಿಕೆ ಬರೆಯುವವರು, ಒಬ್ಬರು ಎಡಿಟರ್, ಇನ್ನೊಬ್ಬರಿಗೆ ಸಿನಿಮಾ ಕೆಲಸಕ್ಕೂ ಅವರಿಗೂ ಸಂಬಂಧವೇ ಇಲ್ಲ, ಆದರೆ ಡಿಸೆಂಬರ್ ಬಂದರೆ ಹಿಮ, ಅರಮನೆ, ಪ್ರೀತಿ ಇರುವ ಸಿನಿಮಾಗಳನ್ನು ಒಂದೂ ಬಿಡದೆ ನೋಡುತ್ತಾರೆ. ಅವರನ್ನು ಇಲ್ಲಿ 'ಪ್ರೇಕ್ಷಕಿ' ಅಂತ ಕರೆದಿದ್ದೇನೆ. ಸಿನಿಮಾ ಬರೆದವರ, ನಿರ್ದೇಶಿಸಿದವರ ಹೆಸರೂ ಇಲ್ಲಿಲ್ಲ. ನೋಡಬೇಕಾಗಿರೋದು ಅವರು ತೆಗೆದುಕೊಂಡ ತೀರ್ಮಾನಗಳನ್ನ, ಅವರನ್ನಲ್ಲ. ಸಿನಿಮಾದ ಹೆಸರನ್ನು ಮಾತ್ರ ಮುಚ್ಚಿಡೋಕೆ ಆಗಲ್ಲ: 'ಎ ಕ್ರಿಸ್‌ಮಸ್ ಪ್ರಿನ್ಸ್' ಸಿನಿಮಾದ ಎರಡನೇ ಭಾಗ, 'ದಿ ರಾಯಲ್ ವೆಡ್ಡಿಂಗ್'. ಮುಚ್ಚಿಟ್ಟರೂ ಎರಡನೇ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ.

ಕಥೆ ಪೂರ್ತಿ ಹೇಳಿದ್ದೇನೆ. ನೋಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ.

ಮೊದಲನೆಯದು ಹೇಗೆ ನಡೆಯಿತು

2017ರ ನವೆಂಬರ್ 17ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ 'ಎ ಕ್ರಿಸ್‌ಮಸ್ ಪ್ರಿನ್ಸ್' ಬಂತು. ಆಂಬರ್ ಮೂರ್ ಅನ್ನುವವಳು ನ್ಯೂಯಾರ್ಕ್‌ನ ಒಂದು ಪತ್ರಿಕೆಯಲ್ಲಿ ಬೇರೆಯವರ ಬರಹ ತಿದ್ದಿಕೊಂಡು ಕೂತಿರುತ್ತಾಳೆ. ಆಲ್ಡೋವಿಯಾ ಅನ್ನುವ, ಯಾವ ಭೂಪಟದಲ್ಲೂ ಇಲ್ಲದ ದೇಶದ ಯುವರಾಜ ರಿಚರ್ಡ್ ಬಗ್ಗೆ ವರದಿ ಮಾಡೋಕೆ ಅವಳನ್ನು ಕಳಿಸುತ್ತಾರೆ. ಅಲ್ಲಿಗೆ ಹೋದರೆ ಪತ್ರಿಕಾಗೋಷ್ಠಿ ರದ್ದು. ಬರಿಗೈಲಿ ವಾಪಸ್ ಹೋಗೋಕೆ ಮನಸ್ಸಿಲ್ಲದೆ ಇವಳು ಅರಮನೆ ಒಳಗೇ ನುಗ್ಗುತ್ತಾಳೆ. ಅಲ್ಲಿದ್ದವರು ಇವಳನ್ನು ರಾಜಕುಮಾರಿ ಎಮಿಲಿಗೆ ಪಾಠ ಹೇಳೋಕೆ ಬರಬೇಕಿದ್ದ ಹೊಸ ಟೀಚರ್ ಅಂದುಕೊಳ್ಳುತ್ತಾರೆ. ಇವಳೂ ಹೌದು ಅಂದುಬಿಡುತ್ತಾಳೆ. ಒಂದು ರಾಜಮನೆತನದಲ್ಲಿ, ಪಟ್ಟಾಭಿಷೇಕದ ಹೊತ್ತಲ್ಲಿ, ಒಬ್ಬರೂ ಗುರುತಿನ ಚೀಟಿ ಕೇಳುವುದಿಲ್ಲ!

ಅರಮನೆಯಾಗಿ ಕಾಣಿಸುವುದು ರೊಮೇನಿಯಾದ ಸಿನಾಯಾದಲ್ಲಿರುವ ಪೆಲೆಶ್ ಕೋಟೆ, ರಾಜ ಮೊದಲನೇ ಕರೋಲ್ 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಬೆಟ್ಟ, ಕಾಡು, ಚೂಪು ಗೋಪುರ, ಒಳಗೆಲ್ಲ ಮರದ ಕೆತ್ತನೆ. ಸೆಟ್ ಹಾಕಿದ್ದರೆ ಕೋಟಿಗಟ್ಟಲೆ ಆಗುತ್ತಿದ್ದ ಅಂದ ಇಲ್ಲಿ ಸಿದ್ಧವಾಗಿಯೇ ಸಿಕ್ಕಿದೆ. ಸಿನಿಮಾದ ಬಜೆಟ್ ದೊಡ್ಡದಲ್ಲ ಅನ್ನೋದು ಬೇರೆ ದೃಶ್ಯಗಳಲ್ಲಿ ಎದ್ದು ಕಾಣುತ್ತದೆ, ಆದರೆ ಆ ಕಟ್ಟಡ ಎಲ್ಲವನ್ನೂ ಮರೆಸುತ್ತದೆ.

ಆದರೂ ಸಿನಿಮಾ ಓಡಿದ್ದು ಕಟ್ಟಡದಿಂದಲ್ಲ. ಆಂಬರ್ ಸುಳ್ಳು ಹೇಳಿ ಒಳಗೆ ಬಂದಿದ್ದಾಳೆ ಅನ್ನುವ ಒಂದು ವಿಷಯ ಇಡೀ ಸಿನಿಮಾಕ್ಕೆ ಎಂಜಿನ್. ಅವಳು ಎಮಿಲಿ ಜೊತೆ ಆಡುತ್ತಿದ್ದರೂ ಸರಿ, ರಿಚರ್ಡ್ ಜೊತೆ ನಗುತ್ತಿದ್ದರೂ ಸರಿ, ಇದು ಯಾವಾಗ ಬಯಲಾಗುತ್ತೋ ಅನ್ನುವ ಭಯ ನಮಗಿರುತ್ತದೆ. ಅವಳು ರಾತ್ರಿ ಕೂತು ನೋಟ್ಸ್ ಮಾಡಿಕೊಳ್ಳುತ್ತಾಳೆ. ಹಗಲು ಆ ಮನುಷ್ಯನನ್ನು ಇಷ್ಟಪಡುತ್ತಾಳೆ. ಅಂದರೆ ಅವಳ ಪ್ರೀತಿ ಮತ್ತು ಅವಳ ಕೆಲಸ ಎರಡೂ ಒಂದರ ಕುತ್ತಿಗೆ ಒಂದು ಹಿಡಿದಿವೆ. ಎಮಿಲಿಗೆ ಗುಟ್ಟು ಗೊತ್ತಾದಾಗ ಅವಳು ಹೊರಗೆ ಹೇಳುವ ಬದಲು, ನನ್ನ ಅಣ್ಣನ ಬಗ್ಗೆ ನಿಜ ಬರೆ ಅನ್ನುತ್ತಾಳೆ. ಸಣ್ಣ ದೃಶ್ಯ. ಆದರೆ ಅಲ್ಲಿಂದ ಮುಂದೆ ಆಂಬರ್‌ಗೆ ಸುಳ್ಳು ಇನ್ನೂ ಭಾರವಾಗುತ್ತದೆ, ಯಾಕೆಂದರೆ ಈಗ ಒಂದು ಮಗು ಅವಳನ್ನು ನಂಬಿದೆ.

ಆಮೇಲೆ ರಿಚರ್ಡ್ ದತ್ತುಮಗ ಅನ್ನುವ ಕಾಗದಪತ್ರ ಅವಳ ಕೈಗೆ ಸಿಗುತ್ತದೆ. ಪತ್ರಕರ್ತೆಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಾ? ಪ್ರೀತಿಸುವವಳಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇಕಾ? ಒಂದೇ ಕಾಗದ ಎರಡೂ ಕಡೆ ಕೊಯ್ಯುತ್ತದೆ. ಕೊನೆಗೆ ದಾಯಾದಿ ಸೈಮನ್‌ಗೆ ಸಿಂಹಾಸನ ಸಿಗದ ಹಾಗೆ, ಓಕ್ ಕಾಯಿ ಆಕಾರದ ಕ್ರಿಸ್‌ಮಸ್ ಅಲಂಕಾರದೊಳಗೆ ಸತ್ತ ರಾಜ ಬಚ್ಚಿಟ್ಟ ಆದೇಶ ಸಿಗುತ್ತದೆ. ಹೌದು, ನಗು ಬರುತ್ತದೆ. ಪತ್ರಿಕೆಯವರು ಅವಳ ಬರಹ ಬೇಡ ಅನ್ನುತ್ತಾರೆ, ಅವಳು ಕೆಲಸ ಬಿಟ್ಟು ಅದನ್ನು ತನ್ನ ಬ್ಲಾಗ್‌ನಲ್ಲಿ ಹಾಕುತ್ತಾಳೆ. ಹೊಸ ವರ್ಷದ ಹಿಂದಿನ ರಾತ್ರಿ ರಿಚರ್ಡ್ ನ್ಯೂಯಾರ್ಕ್‌ಗೆ ಬಂದು, ಅವಳ ಅಪ್ಪನ ಹೋಟೆಲ್ ಹತ್ತಿರ ಮಂಡಿಯೂರಿ ಉಂಗುರ ಕೊಡುತ್ತಾನೆ.

ಬ್ಲಾಗ್ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರು ಬಂದದ್ದು, ತಪ್ಪು ಲೆಕ್ಕ ಹಾಕಿದ್ದು

ಡಿಸೆಂಬರ್ 10ಕ್ಕೆ ನೆಟ್‌ಫ್ಲಿಕ್ಸ್ ಒಂದು ಟ್ವೀಟ್ ಹಾಕಿತು. ಈ ಸಿನಿಮಾವನ್ನು 18 ದಿನ, ದಿನಾ ದಿನಾ ನೋಡಿದ 53 ಜನರೇ, ನಿಮಗೆ ಯಾರು ನೋವು ಮಾಡಿದ್ದು ಅಂತ ತಮಾಷೆ. ಜನ ನಕ್ಕರು. ನಮ್ಮ ಮನೆಯಲ್ಲಿ ನಾವು ಏನು ನೋಡುತ್ತೀವಿ ಅಂತ ಹೀಗೆ ಲೆಕ್ಕ ಇಟ್ಟು ಆಡಿಕೊಳ್ಳುತ್ತಾರಾ ಅಂತ ಇನ್ನೊಂದಷ್ಟು ಜನ ಸಿಟ್ಟಾದರು. ಎರಡೂ ಸೇರಿ ಸಿನಿಮಾದ ಹೆಸರು, ಅದನ್ನು ನೋಡದವರ ಬಾಯಿಗೂ ಬಂತು.

ಒಂದು ಸಿನಿಮಾ ಹೀಗೆ ಅರ್ಧ ಪ್ರೀತಿ, ಅರ್ಧ ತಮಾಷೆಯಿಂದ ಹೆಸರಾದರೆ, ಎರಡನೆಯದನ್ನು ಮಾಡುವವರಿಗೆ ಒಂದು ಪ್ರಶ್ನೆ ಏಳುತ್ತದೆ: ಜನಕ್ಕೆ ಇಷ್ಟವಾದದ್ದು ಏನು? ಅರಮನೆನಾ, ಹಿಮನಾ, ನಾಯಕಿಯ ಕ್ಯಾನ್ವಾಸ್ ಶೂನಾ? ಅಥವಾ, ಒಬ್ಬಳು ಸುಮ್ನೆ ಬಾಗಿಲು ತಳ್ಳಿಕೊಂಡು ಅರಮನೆಗೆ ಹೋಗಿ ಟೀಚರ್ ಆಗಿಬಿಟ್ಟಳು ಅನ್ನುವ ಆ ತಲೆಬುಡ ಇಲ್ಲದ ಧೈರ್ಯನಾ? ನನ್ನ ಪ್ರಕಾರ ಆ ಧೈರ್ಯ. ಸೀಕ್ವೆಲ್ ನೋಡಿದರೆ ಅವರು ಅರಮನೆ, ಹಿಮ ಅಂದುಕೊಂಡ ಹಾಗಿದೆ.

ಸಮಯವೂ ಜಾಸ್ತಿ ಇರಲಿಲ್ಲ. 2018ರ ಮೇ ತಿಂಗಳಲ್ಲಿ ಎರಡನೇ ಭಾಗ ಬರುತ್ತೆ ಅಂತ ಹೇಳಿದರು, ನವೆಂಬರ್ 30ಕ್ಕೆ 'ಎ ಕ್ರಿಸ್‌ಮಸ್ ಪ್ರಿನ್ಸ್: ದಿ ರಾಯಲ್ ವೆಡ್ಡಿಂಗ್' ಬಂದೇಬಿಟ್ಟಿತು. ಕ್ರಿಸ್‌ಮಸ್ ಸಿನಿಮಾಕ್ಕೆ ಈ ವಿಷಯದಲ್ಲಿ ದಯೆ ಇಲ್ಲ. ದಸರಾಕ್ಕೆ ಆಗದಿದ್ದರೆ ದೀಪಾವಳಿಗೆ ಬಿಡೋಣ ಅನ್ನೋ ಮಾತೇ ಇಲ್ಲ. ಡಿಸೆಂಬರ್ ತಪ್ಪಿದರೆ ಒಂದು ವರ್ಷ ಕಾಯಬೇಕು. ಹಾಗಾಗಿ ಬರವಣಿಗೆಗೆ ಸಿಕ್ಕಿದ ಸಮಯದಲ್ಲಿ ಏನು ಹೊಳೆಯಿತೋ ಅದೇ ಕಥೆ.

ಅದೇ ಮೇ ತಿಂಗಳಲ್ಲಿ, 19ನೇ ತಾರೀಕು, ವಿಂಡ್ಸರ್‌ನಲ್ಲಿ ಹ್ಯಾರಿ ಮತ್ತು ಮೇಘನ್ ಮಾರ್ಕಲ್ ಮದುವೆ ನಡೆಯಿತು. ಅಮೆರಿಕದ ಹುಡುಗಿ, ರಾಜಮನೆತನದ ಹುಡುಗ. ಅವರ ನಿಶ್ಚಿತಾರ್ಥದ ಸುದ್ದಿ ಹೊರಬಂದದ್ದು 2017ರ ನವೆಂಬರ್ 27ಕ್ಕೆ, ಅಂದರೆ ಮೊದಲ ಸಿನಿಮಾ ಬಂದು ಹತ್ತೇ ದಿನಕ್ಕೆ. ಇದಕ್ಕಿಂತ ಒಳ್ಳೆ ಅದೃಷ್ಟ ಯಾವ ನಿರ್ಮಾಪಕನಿಗೆ ಸಿಗುತ್ತೆ? ಮೇಘನ್ ಕೂಡ 'ದಿ ಟಿಗ್' ಅಂತ ಒಂದು ಬ್ಲಾಗ್ ನಡೆಸುತ್ತಿದ್ದರು. 2017ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ಅರಮನೆಗೆ ಹೋಗುವ ಹುಡುಗಿ ತನ್ನ ದನಿಯನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕಾ ಅನ್ನುವ ಪ್ರಶ್ನೆ ಆ ವರ್ಷ ನಿಜವಾಗಿಯೂ ಗಾಳಿಯಲ್ಲಿತ್ತು. ಸೀಕ್ವೆಲ್‌ಗೆ ವಸ್ತು ಕಾಲಬುಡದಲ್ಲೇ ಬಿದ್ದಿತ್ತು.

ಸಮಸ್ಯೆ

ಪ್ರೇಮಕಥೆ ಅಂದರೆ ಇಬ್ಬರು ಸೇರುತ್ತಾರಾ ಇಲ್ವಾ ಅನ್ನೋದು. ಮೊದಲ ಭಾಗದಲ್ಲಿ ಅವರು ಸೇರಿ ಆಯ್ತು. ಎರಡನೇ ಭಾಗದ ಹೆಸರೇ ಮದುವೆ. ಪೋಸ್ಟರ್‌ನಲ್ಲೂ ಮದುವೆಯ ಸಂಭ್ರಮವೇ. ಹಾಗಿದ್ದರೆ ಒಂದೂವರೆ ಗಂಟೆ ನಾವು ಕಾಯಬೇಕಾಗಿರೋದು ಯಾವುದಕ್ಕೆ?

ಧಾರಾವಾಹಿ ಬರೆಯುವವರಿಗೆ ಇದು ದಿನಾ ಕಾಡುವ ವಿಷಯ. ನಾಯಕ ನಾಯಕಿಗೆ ಮದುವೆ ಮಾಡಿಸಿದ ವಾರದಿಂದ ಕಥೆ ಸೊರಗುತ್ತೆ ಅಂತ ಅವರ ವಲಯದಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೇ ಮದುವೆಯನ್ನು ಎಳೆಯುತ್ತಾರೆ. ಅವರು ಅಂದದ್ದು ಹೀಗೆ:

"ನಮ್ಮಲ್ಲಿ ಮದುವೆ ಅಂದ್ರೆ ಮೂರು ವಾರದ ಸರಕು ಸರ್. ಅರಿಶಿನ ಶಾಸ್ತ್ರ, ಚಪ್ಪರ, ವರಪೂಜೆ, ಅಷ್ಟರಲ್ಲಿ ಯಾರೋ ಒಬ್ಬಳು ತಾಳಿ ಬಚ್ಚಿಡ್ತಾಳೆ. ನೀವೆಲ್ಲ ನಗ್ತೀರ. ಆದ್ರೆ ತಾಳಿ ಬಚ್ಚಿಟ್ಟವಳಿಗೆ ಈ ಮದುವೆ ನಿಲ್ಲಲೇಬೇಕು ಅಂತ ಇರುತ್ತೆ. ಈ ಸಿನಿಮಾದಲ್ಲಿ ರಾಜ್ಯದ ದುಡ್ಡು ಹೊಡೆಯೋ ಕಳ್ಳನಿಗೆ ಮದುವೆ ಆದ್ರೂ ಒಂದೇ, ಬಿಟ್ರೂ ಒಂದೇ."

ಚರ್ಚೆ ತಿರುಗಿದ್ದು ಈ ಮಾತಿನಿಂದ. ಅಲ್ಲಿವರೆಗೂ ನಾವು ನಟನೆ, ಬಜೆಟ್, ಹಿಮ ನಕಲಿ ಥರ ಕಾಣುತ್ತೆ ಅಂತೆಲ್ಲ ಸುತ್ತುತ್ತಿದ್ದೆವು.

ಅವರು ಏನೇನು ಮಾಡಿ ನೋಡಿದರು

ಕಥೆ ಒಂದು ವರ್ಷ ಮುಂದೆ ಹೋಗಿದೆ. ರಿಚರ್ಡ್ ಈಗ ರಾಜ. ಆಂಬರ್ ಮದುವೆಗೆ ಅಂತ ಅಪ್ಪ ರೂಡಿ ಜೊತೆ ಆಲ್ಡೋವಿಯಾಗೆ ಬರುತ್ತಾಳೆ. ಅಪ್ಪನ ಪಾತ್ರಕ್ಕೆ ಬೇರೆ ನಟ ಬಂದಿದ್ದಾರೆ, ಅದರ ಬಗ್ಗೆ ಸಿನಿಮಾ ಕಮಕ್ ಕಿಮಕ್ ಅನ್ನಲ್ಲ. ನೋಡುವವರಿಗೆ ಒಂದು ಕ್ಷಣ ಇದು ಯಾರಪ್ಪಾ ಅನ್ನಿಸುತ್ತದೆ, ಆಮೇಲೆ ಮರೆತುಹೋಗುತ್ತದೆ.

ಮೊದಲು ಮಾಡಿದ್ದು ಅರಮನೆಯ ಶಿಷ್ಟಾಚಾರವನ್ನು ಎದುರು ನಿಲ್ಲಿಸಿದ್ದು. ಮಿಸೆಸ್ ಆವೆರಿಲ್ ಅನ್ನುವ ಗಂಟುಮುಖದವರು ಹೀಗೆ ಕೂರಬೇಕು, ಹಾಗೆ ನಿಲ್ಲಬೇಕು ಅನ್ನುತ್ತಾರೆ. ಬ್ಲಾಗ್ ಬರೆಯೋದು ನಿಲ್ಲಿಸು ಅನ್ನುತ್ತಾರೆ. ಮದುವೆಯ ಉಸ್ತುವಾರಿಗೆ ಸಾಹಿಲ್ ಅನ್ನುವವನು ಬರುತ್ತಾನೆ, ಎಲ್ಲದಕ್ಕೂ ಕಿರುಚಿ, ಕೈ ಆಡಿಸಿ, ಕೇಳದೆ ಡ್ರೆಸ್ ನಿರ್ಧಾರ ಮಾಡುವವನು. (ಅರಮನೆಯಲ್ಲಿ ಎದ್ದು ಕಾಣುವ ಭಾರತೀಯ ಹೆಸರು ಇದೊಂದೇ, ಅದನ್ನೂ ಕಾರ್ಟೂನ್ ಮಾಡಿಟ್ಟಿದ್ದಾರೆ. ನಮ್ಮ ಪ್ರೇಕ್ಷಕಿ ಈ ವಿಷಯಕ್ಕೆ ತುಂಬಾ ಹೊತ್ತು ಬೈದರು, ಸರಿಯಾಗಿಯೇ ಬೈದರು.)

ಎರಡನೆಯದಾಗಿ ರಾಜಕೀಯ ತಂದರು. ರಿಚರ್ಡ್ 'ನ್ಯೂ ಆಲ್ಡೋವಿಯಾ' ಅಂತ ದೇಶದ ಆರ್ಥಿಕತೆ ಸುಧಾರಿಸುವ ಯೋಜನೆ ಶುರುಮಾಡಿದ್ದಾನೆ. ದುಡ್ಡು ಹೋಗುತ್ತಿದೆ, ಕೆಲಸಗಾರರಿಗೆ ಸಂಬಳ ತಲುಪುತ್ತಿಲ್ಲ. ಮುಷ್ಕರ ಶುರುವಾಗುತ್ತದೆ. ಕ್ರಿಸ್‌ಮಸ್ ಹಾಸ್ಯ ಸಿನಿಮಾದಲ್ಲಿ ಸಂಬಳ ಸಿಗದ ಕಾರ್ಮಿಕರು! ಇದನ್ನು ನೋಡಿ ನಾನು ನೆಟ್ಟಗೆ ಕೂತೆ. ಇಲ್ಲಿ ಏನೋ ಇದೆ ಅನ್ನಿಸಿತು.

ಮೂರನೆಯದು ಹಳೆ ಖಳ ಸೈಮನ್‌ನನ್ನು ವಾಪಸ್ ಕರೆಸಿದ್ದು. ದುಡ್ಡು ಹೊಡೆಯುತ್ತಿರುವವನು ಇವನೇ ಇರಬೇಕು ಅನ್ನುವ ಅನುಮಾನ ಬರಿಸೋಕೆ. ಅದರ ಜೊತೆಗೆ ಲಾರ್ಡ್ ಲಿಯೋಪೋಲ್ಡ್ ಅನ್ನುವ, ಅರಮನೆಗೆ ತುಂಬಾ ಬೇಕಾದವರು, ನಯವಾಗಿ ಮಾತಾಡುವ ಹಿರಿಯರನ್ನು ಹೊಸದಾಗಿ ತಂದರು. ಈಗ ನೀವೇ ಹೇಳಿ. ಹಳೇ ಖಳನ ಮೇಲೆ ಎಲ್ಲರೂ ಬೆರಳು ತೋರಿಸುತ್ತಿದ್ದಾರೆ, ಪಕ್ಕದಲ್ಲಿ ಮೊದಲ ಭಾಗದಲ್ಲಿ ಇಲ್ಲದ ಒಬ್ಬ ನಗುಮುಖದ ಸಲಹೆಗಾರ ಇದ್ದಾನೆ. ಕಳ್ಳ ಯಾರು ಅಂತ ಕಂಡುಹಿಡಿಯೋಕೆ ಪತ್ರಕರ್ತೆ ಬೇಕಾ? ಪ್ರೇಕ್ಷಕಿ ಅವರ ಎಂಟ್ರಿಯಲ್ಲೇ "ಇವರೇ" ಅಂದಿದ್ದರಂತೆ.

ಇವೆಲ್ಲ ಬೇರೆ ಬೇರೆಯಾಗಿ ತೆಗೆದುಕೊಂಡರೆ ಕೆಟ್ಟ ಯೋಚನೆಗಳಲ್ಲ. ಮದುವೆ ಗಲಾಟೆಯ ತಮಾಷೆ ಚೆನ್ನಾಗಿರುತ್ತೆ. ಮುಷ್ಕರದಿಂದ ಕಥೆಗೆ ತೂಕ ಬರುತ್ತೆ. ಖಳನಿಗೆ ಒಳ್ಳೆಯವನಾಗುವ ಅವಕಾಶ ಕೊಟ್ಟರೆ ಹಬ್ಬದ ಸಿನಿಮಾಕ್ಕೆ ಹೊಂದುತ್ತೆ.

ಕಾರ್ಡ್ ಹಾಕಿ ನೋಡಿದಾಗ

ಎಡಿಟರ್ ಒಂದು ಕೆಲಸ ಮಾಡಿದರು. ಸಿನಿಮಾದ ಮುಖ್ಯ ದೃಶ್ಯಗಳನ್ನೆಲ್ಲ ಕಾರ್ಡ್‌ಗಳಲ್ಲಿ ಬರೆದರು. ಮದುವೆಗೆ ಸಂಬಂಧಪಟ್ಟದ್ದು ಹಳದಿ, ದುಡ್ಡಿಗೆ ಸಂಬಂಧಪಟ್ಟದ್ದು ನೀಲಿ. ಮೇಜಿನ ಮೇಲೆ ಸಾಲಾಗಿ ಹರಡಿ, ಮೊದಲು ನೀಲಿಯನ್ನೆಲ್ಲ ಎತ್ತಿಟ್ಟರು. ಹಳದಿ ಕಥೆ ಹಾಗೇ ನಿಂತಿತ್ತು. ಹುಡುಗಿ ಬರುತ್ತಾಳೆ, ಅರಮನೆಯ ಕಟ್ಟುಪಾಡಿಗೆ ಉಸಿರು ಕಟ್ಟುತ್ತದೆ, ಅನುಮಾನ, ಮುನಿಸು, ಕೊನೆಗೆ ತನಗೆ ಬೇಕಾದ ಹಾಗೆ ಮದುವೆಯಾಗುತ್ತಾಳೆ. ಆಮೇಲೆ ಹಳದಿ ಎತ್ತಿಟ್ಟು ನೀಲಿ ಹಾಕಿದರು. ಅದೂ ನಿಂತಿತು. ದುಡ್ಡು ಕಾಣೆ, ಮುಷ್ಕರ, ತನಿಖೆ, ಸೈಮನ್ ಮೇಲೆ ಅನುಮಾನ, ಲಿಯೋಪೋಲ್ಡ್ ಸಿಕ್ಕಿಬೀಳೋದು. ಒಂದು ಇಲ್ಲದಿದ್ದರೂ ಇನ್ನೊಂದಕ್ಕೆ ನಡೆಯುತ್ತದೆ.

ಒಂದೇ ಛತ್ರದಲ್ಲಿ ಮೇಲೊಂದು ಕೆಳಗೊಂದು ಮದುವೆ ನಡೆದ ಹಾಗೆ. ಅಡುಗೆಯವರು ಒಬ್ಬರೇ, ಬೀಗರು ಬೇರೆ ಬೇರೆ.

ಮೊದಲ ಸಿನಿಮಾಕ್ಕೂ ಇದೇ ಪರೀಕ್ಷೆ ಮಾಡಿದೆವು. ಪ್ರೀತಿಯ ದೃಶ್ಯಗಳನ್ನು ತೆಗೆದರೆ ಗೂಢಚರ್ಯೆಗೆ ಅರ್ಥವಿಲ್ಲ, ಯಾಕೆಂದರೆ ಸಿಕ್ಕಿದ ಸುದ್ದಿಯನ್ನು ಅವಳು ಬರೆದು ಕಳಿಸಿಬಿಡುತ್ತಿದ್ದಳು, ಅಲ್ಲಿಗೆ ಮುಗೀತು. ಗೂಢಚರ್ಯೆ ತೆಗೆದರೆ ಪ್ರೀತಿಗೆ ಅಡ್ಡಿಯೇ ಇಲ್ಲ. ಒಂದೇ ಬಣ್ಣದ ಕಾರ್ಡ್‌ನಲ್ಲಿ ಬರೆಯಬೇಕಾದ ಕಥೆ ಅದು.

ಇನ್ನೂ ಒಂದು ವಿಷಯ ಮೇಜಿನ ಮೇಲೆ ಕಂಡಿತು. ನೀಲಿ ಕಾರ್ಡ್‌ಗಳಲ್ಲಿ ರಿಚರ್ಡ್ ಒಂದು ಸಲವೂ ತಪ್ಪು ಮಾಡಿಲ್ಲ. ಯೋಜನೆ ಅವನದ್ದೇ, ಸಂಬಳ ಸಿಗದೆ ಇರುವವರು ಅವನ ಪ್ರಜೆಗಳೇ, ಆದರೂ ತಪ್ಪೆಲ್ಲ ಒಬ್ಬ ಕಳ್ಳನದ್ದು. ಯೋಜನೆಯಲ್ಲಿ ಏನೂ ದೋಷವಿಲ್ಲ. ರಾಜ ಪಾಪ ಬಿಜಿ, ಟೆನ್ಶನ್‌ನಲ್ಲಿದ್ದಾನೆ, ಆಂಬರ್ ಕಡೆ ಗಮನ ಕೊಡೋಕೆ ಆಗ್ತಿಲ್ಲ, ಅಷ್ಟೇ. ಹಳದಿಯಲ್ಲೂ ಹಾಗೇ. ಬ್ಲಾಗ್ ನಿಲ್ಲಿಸು ಅಂದದ್ದು ಆವೆರಿಲ್, ಡ್ರೆಸ್ ಹಾಳು ಮಾಡಿದ್ದು ಸಾಹಿಲ್. ಪ್ರೀತಿಸುವ ಇಬ್ಬರ ನಡುವೆ ನಿಜವಾದ ಭಿನ್ನಾಭಿಪ್ರಾಯ ಅಂತ ಒಂದು ಬರುವಷ್ಟರಲ್ಲಿ ಅದನ್ನು ಮೂರನೆಯವರ ತಲೆಗೆ ಕಟ್ಟಿ ಸಿನಿಮಾ ಮುಂದೆ ಹೋಗುತ್ತದೆ. ಮದುವೆ ಬಗ್ಗೆ ಸಿನಿಮಾ ಮಾಡಿ, ಗಂಡ ಹೆಂಡತಿ ಆಗುವವರ ನಡುವೆ ಒಂದು ಗಟ್ಟಿ ಜಗಳ ಇಡದೆ ಹೋದರೆ ಹೇಗೆ?

ತಪ್ಪಿಹೋದ ತಿರುವು

ಬ್ಲಾಗ್‌ಗೆ ಬರೋಣ. ಮೊದಲ ಸಿನಿಮಾದ ಕೊನೆಯಲ್ಲಿ ಆಂಬರ್‌ಗೆ ಸಿಕ್ಕಿದ್ದು ಎರಡು: ರಿಚರ್ಡ್ ಮತ್ತು ತನ್ನದೇ ದನಿ. ಕೆಲಸ ಬಿಟ್ಟು ಪಡೆದ ದನಿ ಅದು. ಎರಡನೇ ಸಿನಿಮಾ ಶುರುವಾಗುವಾಗಲೇ ಅರಮನೆ ಆ ದನಿಯನ್ನು ಕಿತ್ತುಕೊಳ್ಳುತ್ತದೆ. ಇದು ತುಂಬಾ ಒಳ್ಳೆಯ ಆರಂಭ. ಮುಂದೆ ಅದೇ ಹುಡುಗಿಯ ಕಣ್ಣಿಗೆ ರಾಜನ ಯೋಜನೆಯ ದುಡ್ಡು ಎಲ್ಲೋ ಸೋರುತ್ತಿರುವುದು ಬೀಳುತ್ತದೆ. ಇದೂ ಸಿನಿಮಾದಲ್ಲೇ ಇದೆ. ಈ ಎರಡನ್ನೂ ತಂದು ಒಂದಕ್ಕೊಂದು ಗಂಟು ಹಾಕಿ ನೋಡಿ.

ಅವಳಿಗೆ ಸುದ್ದಿ ಗೊತ್ತಿದೆ. ಬರೆಯೋಕೆ ಬಿಡುತ್ತಿಲ್ಲ. ಬರೆದರೆ ಮದುವೆಗೆ ಮುಂಚೆಯೇ ವರನ ಮಾನ ಹೋಗುತ್ತದೆ. ಬರೆಯದಿದ್ದರೆ ಕ್ರಿಸ್‌ಮಸ್ ದಿನವೂ ಕೆಲಸಗಾರರ ಮನೆಯಲ್ಲಿ ದುಡ್ಡಿಲ್ಲ. ಮತ್ತೆ ಮೊದಲ ಸಿನಿಮಾದ ಎಂಜಿನ್ನೇ, ಆದರೆ ಈ ಸಲ ಗುಟ್ಟು ಅವಳ ಗುರುತಿನದ್ದಲ್ಲ, ಅವನ ರಾಜ್ಯದ್ದು. ರಿಚರ್ಡ್‌ಗೂ ಕೊನೆಗೆ ಮಾಡೋಕೆ ಒಂದು ಕೆಲಸ ಸಿಗುತ್ತದೆ: ನನ್ನ ವಿರುದ್ಧ ಬರೆಯುವ ರಾಣಿ ನನಗೆ ಬೇಕಾ ಅಂತ ನಿರ್ಧರಿಸೋದು.

ಸಿನಿಮಾ ಏನು ಮಾಡಿತು? ನ್ಯೂಯಾರ್ಕ್‌ನ ಗೆಳೆಯರು ಮೆಲಿಸ್ಸಾ, ಆಂಡಿ ಬರುತ್ತಾರೆ. ಎಮಿಲಿ ಕಂಪ್ಯೂಟರ್‌ನಲ್ಲಿ ಚುರುಕು. ಎಲ್ಲರೂ ಸೇರಿ ತನಿಖೆ ಮಾಡುತ್ತಾರೆ. ಗುತ್ತಿಗೆ ಪಡೆದ ಕಂಪನಿಗಳ ಹಿಂದೆ ಇರುವುದು ಲಿಯೋಪೋಲ್ಡ್ ಅಂತ ಗೊತ್ತಾಗುತ್ತದೆ. ಅದನ್ನು ರಿಚರ್ಡ್‌ಗೆ ಹೇಳುತ್ತಾರೆ. ರಿಚರ್ಡ್‌ಗೆ ಖುಷಿ. ಅಂದರೆ ಅವಳು ಕಂಡುಹಿಡಿದ ಸತ್ಯ ಅವನಿಗೆ ಉಪಕಾರವಾಗುತ್ತದೆ, ತೊಂದರೆಯಲ್ಲ. ಗಂಟು ಬೀಳುವ ಜಾಗದಲ್ಲೇ ದಾರ ಜಾರಿತು. ಬರೆಯುವವರು ಬೇರೇನೂ ಸೇರಿಸಬೇಕಿರಲಿಲ್ಲ, ಸಾಮಾನೆಲ್ಲ ಒಲೆ ಪಕ್ಕದಲ್ಲೇ ಇತ್ತು ಅನ್ನೋದೇ ನನಗೆ ಹೊಟ್ಟೆ ಉರಿಸಿದ್ದು.

ಆಮೇಲಿನದ್ದು ಬೇಗ ಬೇಗ. ಲಿಯೋಪೋಲ್ಡ್ ಸಿಕ್ಕಿಬೀಳುತ್ತಾನೆ, ಸೈಮನ್ ನಿರಪರಾಧಿ, ಕೆಲಸಗಾರರಿಗೆ ದುಡ್ಡು ಸಿಗುತ್ತದೆ, ಡ್ರೆಸ್ ಸರಿಹೋಗುತ್ತದೆ, ಮದುವೆ ಆಗುತ್ತದೆ. ಎಲ್ಲ ಒಳ್ಳೆಯದೂ ಒಟ್ಟಿಗೆ ಬಂದರೂ ಯಾವುದೂ ಇನ್ನೊಂದರಿಂದ ಬಂದದ್ದಲ್ಲ.

ಪ್ರೇಕ್ಷಕಿಯ ತಕರಾರು

ಇಲ್ಲಿ ನಮ್ಮ ಪ್ರೇಕ್ಷಕಿ ನಮ್ಮನ್ನೆಲ್ಲ ಒಮ್ಮೆ ತರಾಟೆಗೆ ತೆಗೆದುಕೊಂಡರು. "ನೀವೆಲ್ಲ ಇದನ್ನ ಕೂತು ನೋಡಿದ್ದೀರ. ನಾನು ಬಟ್ಟೆ ಮಡಚ್ತಾ ನೋಡ್ತೀನಿ. ನನಗೆ ಆ ಹುಡುಗಿ ಅವನ ವಿರುದ್ಧ ಬರೆಯೋದು, ಅವನು ಮುಖ ಗಂಟು ಹಾಕೋದು ಎಲ್ಲ ಬೇಡ. ವರ್ಷವೆಲ್ಲ ಅದೇ ಆಗಿರುತ್ತೆ. ಡಿಸೆಂಬರ್‌ನಲ್ಲಿ ಒಂದೂವರೆ ಗಂಟೆ ಯಾರಿಗೂ ಏನೂ ಆಗಬಾರದು."

ಇದನ್ನು ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಈ ಬಗೆಯ ಸಿನಿಮಾಗಳು ನಡೆಯುವುದೇ ಆ ಭರವಸೆಯ ಮೇಲೆ. ಕೊನೆ ಗೊತ್ತಿರುತ್ತೆ, ಗೊತ್ತಿರೋದೇ ಸುಖ. ಇದು ಗಂಭೀರ ಸಿನಿಮಾ ಆಗಲಿಲ್ಲ ಅಂತ ದೂರುವುದು ಕೋಸಂಬರಿಯಲ್ಲಿ ಮಾಂಸ ಇಲ್ಲ ಅಂದ ಹಾಗಾಗುತ್ತೆ ಅಂತ ಎಡಿಟರ್ ಕೂಡ ಒಪ್ಪಿದರು.

ಆದರೆ ಅವರಿಗೆ ಒಂದು ಪ್ರಶ್ನೆ ಕೇಳಿದೆವು: ಮೊದಲನೆಯದನ್ನೂ ಬಟ್ಟೆ ಮಡಚ್ತಾ ನೋಡಿದ್ರಾ? ಸ್ವಲ್ಪ ಯೋಚಿಸಿ, ಇಲ್ಲ, ಅದರಲ್ಲಿ ಮಧ್ಯೆ ಕೈ ನಿಂತಿತ್ತು ಅಂದರು. ಎಲ್ಲಿ ಅಂತ ಕೇಳಿದರೆ, ದತ್ತು ಕಾಗದ ಸಿಕ್ಕಿದ ಹೊತ್ತಲ್ಲಿ. ತುಂಬಿದ ಸಭೆಯಲ್ಲಿ ಒಬ್ಬ ಮಗನಿಗೆ ತನ್ನ ಹುಟ್ಟಿನ ಗುಟ್ಟು ಗೊತ್ತಾಗೋದು ಸಣ್ಣ ನೋವಲ್ಲ. ಆ ಸಿನಿಮಾ ಅದನ್ನು ಇಟ್ಟುಕೊಂಡೂ ಹಬ್ಬದ ಸಿನಿಮಾವಾಗಿಯೇ ಉಳಿಯಿತು. ಕೊನೆ ಗೊತ್ತಿರಬೇಕು ಅನ್ನೋದು ಸರಿ. ದಾರಿಯಲ್ಲಿ ಏನೂ ಆಗಬಾರದು ಅಂತ ಅಲ್ಲ. ಪ್ರೇಕ್ಷಕಿ ಇದಕ್ಕೆ ಪೂರ್ತಿ ಒಪ್ಪಲಿಲ್ಲ. ಅಷ್ಟೊಂದು ಜಗಳ ಬೇಡ, ಒಂದು ರಾತ್ರಿಯ ಮುನಿಸು ಸಾಕು ಅಂದರು. ಇರಲಿ, ಅಷ್ಟಾದರೂ ಆಗಬೇಕಿತ್ತು ಅಂತ ನಾವೂ ಒಂದು ಮೆಟ್ಟಿಲು ಇಳಿದೆವು.

ಫಲಿತಾಂಶ ಅಂತ ಯಾವುದನ್ನು ಅನ್ನೋಣ

ನಿರಾಸೆ ಆಯ್ತು ಅನ್ನೋದು ನೋಡಿದವರ ಮಾತು. ಮಾಡಿದವರ ಕಡೆಯಿಂದ ನೋಡಿದರೆ ಇದು ಸೋಲೇ ಅಲ್ಲ ಅಂತಲೂ ವಾದ ಮಾಡಬಹುದು. ಮರುವರ್ಷವೇ ಮೂರನೆಯದು ಬಂತಲ್ಲ. ಟಿಕೆಟ್ ಕೊಂಡು ಹೋಗುವ ಸಿನಿಮಾಕ್ಕೆ ಎರಡನೇ ವಾರದ ಗಲ್ಲಾಪೆಟ್ಟಿಗೆ ಅಂತ ಒಂದು ತೀರ್ಪು ಇದೆ. ಮನೆಯಲ್ಲಿ ಕೂತು ನೋಡುವ ಸಿನಿಮಾಕ್ಕೆ ಆ ತೀರ್ಪು ಹೊರಗಿನವರಿಗೆ ಕಾಣಲ್ಲ. ಜನ ನೋಡಿದ್ದಾರೆ, ಆದರೆ ನೋಡಿ ಏನು ಅನ್ನಿಸಿತು ಅನ್ನೋದು ನೋಡಿದ ಲೆಕ್ಕದಲ್ಲಿ ಬರಲ್ಲ. ಬಟ್ಟೆ ಮಡಚ್ತಾ ನೋಡಿದವರೂ, ಕೈ ನಿಲ್ಲಿಸಿ ನೋಡಿದವರೂ ಆ ಲೆಕ್ಕದಲ್ಲಿ ಒಂದೇ.

ಎರಡನೇ ಭಾಗ ಬರೆಯೋಕೆ ಕೂತಿರುವವರಿಗೆ ಈ ಪ್ರಕರಣದಿಂದ ನಾನು ಎತ್ತಿಕೊಡುವುದು ಎಡಿಟರ್‌ರ ಆ ಎರಡು ಬಣ್ಣದ ಕಾರ್ಡ್‌ಗಳನ್ನು. ಚಿತ್ರೀಕರಣಕ್ಕೆ ಮುಂಚೆ ಒಂದು ಮಧ್ಯಾಹ್ನ ಸಾಕು, ಕಾಸೂ ಖರ್ಚಿಲ್ಲ. ಒಂದು ಬಣ್ಣ ಎತ್ತಿದಾಗ ಇನ್ನೊಂದು ಬೀಳಬೇಕು. ಬೀಳದಿದ್ದರೆ ಖಳನನ್ನು ಹಿಡಿದು ಕೇಳಿ: ನಿನಗೆ ಈ ಮದುವೆಯಿಂದ ಏನಾಗಬೇಕು? ಅವನಿಗೆ ಉತ್ತರ ಇಲ್ಲ ಅಂದರೆ ಅವನು ಬೇರೆ ಯಾವುದೋ ಸಿನಿಮಾದವನು. ಲಿಯೋಪೋಲ್ಡ್‌ಗೆ ಉತ್ತರ ಇರಲಿಲ್ಲ. ಮೊದಲ ಭಾಗದ ಸೈಮನ್‌ಗೆ ಇತ್ತು. ರಿಚರ್ಡ್ ಬಿದ್ದರೆ ಸಿಂಹಾಸನ ಅವನಿಗೇ, ರಿಚರ್ಡ್‌ನನ್ನು ಬೀಳಿಸುವ ಕಾಗದ ಸಿಗೋದು ಆಂಬರ್ ಹತ್ತಿರವೇ.

ಮೂರನೆಯದರ ಮಾತು ಬಂದಿದ್ದಕ್ಕೆ ಅದನ್ನೂ ಹೇಳಿಬಿಡುತ್ತೇನೆ. 'ದಿ ರಾಯಲ್ ಬೇಬಿ', 2019ರ ಡಿಸೆಂಬರ್ 5. ಆಂಬರ್ ಬಸುರಿ. ಪೆಂಗ್ಲಿಯಾ ಅನ್ನುವ ಇನ್ನೊಂದು ದೇಶದ ಜೊತೆ 600 ವರ್ಷದ ಹಳೆಯ ಶಾಂತಿ ಒಪ್ಪಂದ ಇದೆ. ಅದರ ಪ್ರತಿ ಕಳುವಾಗುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಳಗೆ ಅದಕ್ಕೆ ಸಹಿ ಬೀಳದಿದ್ದರೆ ಹುಟ್ಟುವ ಚೊಚ್ಚಲ ಮಗುವಿಗೆ ಶಾಪ. ಓದಿದರೆ ನಗು ತಡೆಯೋಕಾಗಲ್ಲ, ಒಪ್ಪುತ್ತೇನೆ. ಆದರೆ ಧಾರಾವಾಹಿಯವರು ಕುರ್ಚಿಯಲ್ಲಿ ಮುಂದೆ ಬಾಗಿ ಇದನ್ನು ಹೊಗಳಿದರು. ಕಳುವಾದ ಕಾಗದಕ್ಕೂ ಹೊಟ್ಟೆಯಲ್ಲಿರುವ ಮಗುವಿಗೂ ಒಂದೇ ಗಡಿಯಾರ ಕಟ್ಟಿದ್ದಾರೆ ನೋಡಿ, ಕಾಗದ ಸಿಗದಿದ್ದರೆ ಮಗುವಿಗೆ ಕೇಡು, ಇಷ್ಟೇ ಸರ್ ಬೇಕಾಗಿದ್ದು ಅಂದರು. ಎಡಿಟರ್‌ಗೆ ಶಾಪ ಗೀಪ ಎಲ್ಲ ಸೇರಲಿಲ್ಲ, ದೃಶ್ಯ ಜೋಡಿಸಿರುವುದು ಎರಡನೆಯದಕ್ಕಿಂತ ಒಂದು ಕೂದಲೂ ಚೆನ್ನಾಗಿಲ್ಲ ಅಂತ ಅವರ ವಾದ. ಅದು ಇನ್ನೂ ಮುಗಿದಿಲ್ಲ. ಪ್ರೇಕ್ಷಕಿ ಮಾತ್ರ ಈ ಜಗಳಕ್ಕೆ ಸೇರಲಿಲ್ಲ. ಪ್ರತಿ ಡಿಸೆಂಬರ್‌ನಲ್ಲೂ ಅವರು ಮೊದಲನೆಯದನ್ನು, ಆಮೇಲೆ ಸೀದಾ ಮೂರನೆಯದನ್ನು ಹಾಕುತ್ತಾರಂತೆ.